ಭೂತಕ್ಕೆ ಬಡಿಸಿದರೆ ಗಲ್ಲು: ಕಾರ್ಕಳದ ಕಲ್ಕುಡ–ಕಲ್ಲುರ್ಟಿಯ ಕಥೆ

ಇವತ್ತಿನ ಸಂಚಿಕೆ ಒಂದು ವಾಯ್ಸ್ ಮೆಸೇಜಿನಿಂದ ಹುಟ್ಟಿದ್ದು. ಕಳಿಸಿದವರು ಮಣಿಪಾಲದಲ್ಲಿ ಓದುವ ಒಬ್ಬ ಹುಡುಗಿ. ಅವರ ರೂಮ್‌ಮೇಟ್ ಹೊರರಾಜ್ಯದವರು, ಟ್ಯಾರೋ ಕಾರ್ಡು, ಮೇಣದಬತ್ತಿ ಎಲ್ಲ ಇಟ್ಟುಕೊಂಡು ಈಗಿನ ಪಾಶ್ಚಾತ್ಯ ಮಾಟವಿದ್ಯೆಯ ಪುಸ್ತಕ ಓದುತ್ತಾರಂತೆ. ಅದರಲ್ಲಿ ಸಹಾಯಕ ಆತ್ಮವನ್ನು ಆರಿಸಿಕೊಳ್ಳುವುದು ಹೇಗೆ, ಅದರ ಜತೆ ಕೆಲಸ ಮಾಡುವುದು ಹೇಗೆ ಅಂತ ಅಧ್ಯಾಯಗಳೇ ಉಂಟಂತೆ. ಒಂದು ರಾತ್ರಿ ಆ ರೂಮ್‌ಮೇಟ್ ಕೇಳಿದರಂತೆ, "ನಿಮ್ಮೂರಲ್ಲೂ ಇದೇ ಅಲ್ವಾ? ಮನೆಗೊಂದು ಸ್ಪಿರಿಟ್ ಇಟ್ಟುಕೊಂಡು ಕೆಲಸ ಮಾಡಿಸ್ಕೊಳ್ತೀರಿ?" ಹುಡುಗಿಯ ಮನೆ ಕಾರ್ಕಳದ ಹತ್ತಿರ. ಮನೆಯಲ್ಲಿ ಕಲ್ಲುರ್ಟಿ ಉಂಟು. ಅವರಿಗೆ ಸಿಟ್ಟು ಬಂತು, ಆದರೆ "ಅಲ್ಲ" ಅನ್ನಲಿಕ್ಕೆ ಸರಿಯಾದ ಕಾರಣ ಬಾಯಿಗೆ ಬರಲಿಲ್ಲ.

ಆ ಕಾರಣ ಹುಡುಕುವ. ಆದರೆ ಮೊದಲು ಸ್ವಲ್ಪ ಇಂಗ್ಲೆಂಡಿಗೆ ಹೋಗಿ ಬರಬೇಕು.

1604ರಲ್ಲಿ, ಒಂದನೇ ಜೇಮ್ಸ್ ದೊರೆಯ ಕಾಲದಲ್ಲಿ, ಅಲ್ಲಿನ ಪಾರ್ಲಿಮೆಂಟು ಮಾಟದ ವಿರುದ್ಧ ಒಂದು ಕಾನೂನು ಮಾಡಿತು. ದುಷ್ಟ ಆತ್ಮವನ್ನು ಆವಾಹನೆ ಮಾಡುವುದು ಮಾತ್ರ ಅಪರಾಧ ಅಲ್ಲ. ಅದರ ಹತ್ತಿರ ಸಲಹೆ ಕೇಳಿದರೂ, ಒಪ್ಪಂದ ಮಾಡಿಕೊಂಡರೂ, ಕೆಲಸಕ್ಕೆ ಇಟ್ಟುಕೊಂಡರೂ, ಊಟ ಹಾಕಿದರೂ, ಪ್ರತಿಫಲ ಕೊಟ್ಟರೂ ಮರಣದಂಡನೆ. ಊಟದ ಮಾತು ಯಾಕೆ ಬಂತು ಅಂದ್ರೆ, ಮಾಟಗಾತಿಯರ ಬಳಿ ಬೆಕ್ಕು, ಕಪ್ಪೆ, ಇಲಿಯ ರೂಪದ ಸಣ್ಣ ಸಹಾಯಕ ಭೂತಗಳಿರುತ್ತವೆ, ಅವರು ಅವಕ್ಕೆ ಹಾಲನ್ನೋ ತಮ್ಮ ರಕ್ತವನ್ನೋ ಕುಡಿಸುತ್ತಾರೆ ಅಂತ ಅಲ್ಲಿ ನಂಬಿಕೆ ಇತ್ತು. ಮುದುಕಿಯೊಬ್ಬಳು ಬೆಕ್ಕು ಸಾಕಿದ್ದೂ ಕೋರ್ಟಿನಲ್ಲಿ ಸಾಕ್ಷಿಯಾಗುತ್ತಿದ್ದ ಕಾಲ. ಈ ಕಾನೂನು 1736ರಲ್ಲಿ ರದ್ದಾಯಿತು. ಅದರ ಜಾಗಕ್ಕೆ ಬಂದ ಕಾನೂನು, ಮಾಟ ಅನ್ನುವುದೇ ಇಲ್ಲ, ಇದೆ ಎಂದು ನಟಿಸಿ ಮೋಸ ಮಾಡುವುದು ತಪ್ಪು ಎಂದಿತು. ಅದೂ 1951ರಲ್ಲಿ ಹೋಯಿತು. ಮೂರೇ ವರ್ಷದಲ್ಲಿ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಕಸ್ಟಮ್ಸ್ ಅಧಿಕಾರಿ ತನ್ನ ಪುಸ್ತಕ ಪ್ರಕಟಿಸಿದ. ಮಣಿಪಾಲದ ಹಾಸ್ಟೆಲಿಗೆ ಬಂದು ಕೂತಿರುವುದು ಆ ಪುಸ್ತಕದ ಮರಿಮಕ್ಕಳು ಅಂತ ಇಟ್ಟುಕೊಳ್ಳಿ.

ಈಗ ಊರಿಗೆ ಬರುವ. ಅದೇ 1604ರಲ್ಲಿ ನಮ್ಮಲ್ಲಿ ಏನಾಯ್ತು ಗೊತ್ತುಂಟಾ? ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ತಿಮ್ಮಣ್ಣ ಅಜಿಲ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಆ ಗೊಮ್ಮಟನನ್ನು ಕಡೆದವನಿಗೆ ಒಂದೇ ಕೈ, ಒಂದೇ ಕಾಲು ಇತ್ತು ಅಂತ ತುಳುವಿನ ಪಾಡ್ದನ ಹೇಳುತ್ತದೆ. ಅವನು ಆಮೇಲೆ ಭೂತವಾದ. ಅವನ ತಂಗಿಯೂ ಆದಳು. ಆ ತಂಗಿಗೆ ಇವತ್ತಿಗೂ ಸಾವಿರಾರು ಮನೆಗಳಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಜೇಮ್ಸ್ ದೊರೆಯ ಕಾನೂನು ಇಲ್ಲಿ ನಡೆಯುತ್ತಿದ್ದರೆ ಕಾರ್ಕಳ, ಮೂಡಬಿದಿರೆ, ಬೆಳ್ತಂಗಡಿಯಲ್ಲಿ ಗಲ್ಲಿಗೆ ಹೋಗದ ಮನೆ ಉಳಿಯುತ್ತಿರಲಿಲ್ಲ ಮಾರಾಯ್ರೆ!

ಕಥೆ ನಿಮಗೆ ಗೊತ್ತಿರಬಹುದು, ಆದರೂ ಒಮ್ಮೆ ಹೇಳ್ತೇನೆ. ಪಾಡ್ದನಕ್ಕೆ ಹಲವು ಪಾಠಗಳಿವೆ, ನಡುಭಾಗ ಹೆಚ್ಚುಕಮ್ಮಿ ಒಂದೇ. ಬೀರ ಕಲ್ಕುಡ ಎಂಬ ಶಿಲ್ಪಿ ಕಾರ್ಕಳದ ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಕೆಲಸ ಮುಗಿದ ಮೇಲೆ ಅರಸನಿಗೆ ಒಂದು ಯೋಚನೆ ಬರುತ್ತದೆ: ಇವನು ನಾಳೆ ಇನ್ನೊಂದು ಸೀಮೆಗೆ ಹೋಗಿ ಇಂಥದ್ದೇ ಇನ್ನೊಂದನ್ನು ಮಾಡಿಕೊಟ್ಟರೆ? ಸಂಭಾವನೆಯ ಬದಲಿಗೆ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡ ಹಾಗೆಯೇ ಕುಂಟುತ್ತ ವೇಣೂರಿಗೆ ಹೋಗಿ, ಉಳಿದ ಒಂದು ಕೈಯಲ್ಲಿ ಉಳಿ ಹಿಡಿಯುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡುತ್ತಾಳೆ. ಇಬ್ಬರೂ ಕಾಯ ಬಿಟ್ಟು ಮಾಯ ಸೇರುತ್ತಾರೆ. ಆಮೇಲೆ ಕಾರ್ಕಳಕ್ಕೆ ಬೆಂಕಿ ಬೀಳುತ್ತದೆ.

ಇದು ನಡೆದ ಚರಿತ್ರೆಯಾ? ತಾರೀಕು ಹಿಡಿದು ನೋಡಿದರೆ ಅಲ್ಲ. ಕಾರ್ಕಳದ 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲಕ್ಕೆ. ವೇಣೂರಿನದ್ದು 1604. ನಡುವೆ 172 ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಕಡೆಯಲಿಕ್ಕಾಗುವುದಿಲ್ಲ, ಎರಡೂ ಕೈ ಇದ್ದರೂ ಆಗುವುದಿಲ್ಲ. ಇಲ್ಲಿಗೇ ಪುಸ್ತಕ ಮುಚ್ಚಿ "ಕಟ್ಟುಕಥೆ" ಅಂತ ಎದ್ದು ಹೋಗುವವರೂ ಇದ್ದಾರೆ. ನನಗೆ ಅದು ಅವಸರ ಅನಿಸ್ತದೆ. ಶಾಸನವನ್ನೂ ಒಮ್ಮೆ ಓದಿ ನೋಡಿ. ಕಾರ್ಕಳದ ಶಾಸನದಲ್ಲಿ ವೀರಪಾಂಡ್ಯನ ಹೆಸರಿದೆ, ಅವನ ತಂದೆಯ ಹೆಸರಿದೆ, ಮಾಡಿಸಲು ಹೇಳಿದ ಗುರು ಲಲಿತಕೀರ್ತಿಯ ಹೆಸರಿದೆ, ತಿಥಿ, ವಾರ ಎಲ್ಲ ಇದೆ. ಬಂಡೆಯ ಮೇಲೆ ಕೂತು ಕಡೆದವನ ಹೆಸರಿಲ್ಲ. ಕಲ್ಕುಡ ಅಂದರೆ ಕಲ್ಲುಕುಟಿಗ. ಅದು ಕಸುಬಿನ ಹೆಸರು. ನಾಲ್ಕೈದು ತಲೆಮಾರಿನ ಕಲ್ಲುಕುಟಿಗರನ್ನು ಪಾಡ್ದನ ಒಬ್ಬನೇ ಮನುಷ್ಯನನ್ನಾಗಿ ಮಾಡಿದೆ, ಆ ಒಬ್ಬನಿಗೆ ಶಾಸನ ಕೊಡದ ಹೆಸರನ್ನು ಕೊಟ್ಟಿದೆ ಅಂತ ನಾನು ಓದಿಕೊಳ್ಳುತ್ತೇನೆ. ಅರಸರು ಕಲ್ಲಿನ ಮೇಲೆ ಬರೆಸಿದರು. ಇವರು ತೆಂಬರೆ ಬಡಿದು ಹಾಡಿದರು, ಅದೂ ಹೆಚ್ಚಾಗಿ ಹೆಂಗಸರು, ನೇಜಿ ನೆಡುವ ಗದ್ದೆಯಲ್ಲಿ ಮತ್ತು ಕೋಲದ ಅಂಗಳದಲ್ಲಿ.

(ಮಧ್ಯೆ ಒಂದು ಮಾತು. ಧರ್ಮಸ್ಥಳದ 39 ಅಡಿಯ ಬಾಹುಬಲಿ, 1982ರಲ್ಲಿ ಪ್ರತಿಷ್ಠೆಯಾದದ್ದು, ಅದನ್ನೂ ಕಡೆದದ್ದು ಕಾರ್ಕಳದಲ್ಲೇ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. ಈ ಸಲ ಹೆಸರು ಎಲ್ಲರಿಗೂ ಗೊತ್ತುಂಟು.)

ಈ ಪಾಡ್ದನ ಬರಹಕ್ಕೆ ಇಳಿದದ್ದು ಹೇಗೆ ಅನ್ನುವುದೂ ಒಂದು ವಿಚಿತ್ರ ಕಥೆ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಭೂತದ ಪಾಡ್ದನಗಳನ್ನು ಸಂಗ್ರಹಿಸಿದ. ಅವನು 1882ರಲ್ಲಿ ತೀರಿಕೊಂಡ. ಅವನ ಹಸ್ತಪ್ರತಿಗಳನ್ನು ಆರ್.ಸಿ. ಟೆಂಪಲ್ 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಕಲ್ಕುಡನ ಕಥೆ ಅದರಲ್ಲಿದೆ. ಆದರೆ ಶೀರ್ಷಿಕೆ ಏನು? ತುಳುವರ 'ಡೆವಿಲ್ ವರ್ಶಿಪ್', ಅಂದರೆ ಪಿಶಾಚಿ ಪೂಜೆ. ಬಾಸೆಲ್ ಮಿಷನ್ನಿನ ಪಾದ್ರಿ ಆಗಸ್ಟ್ ಮೆನ್ನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳ ಪುಸ್ತಕವನ್ನೇ ಮುದ್ರಿಸಿದ. ಬಂದದ್ದು ಈ ಆರಾಧನೆಯನ್ನು ಬಿಡಿಸಲಿಕ್ಕೆ, ಆದರೆ ಅದರ ಹಾಡುಗಳು ಉಳಿಯಲಿಕ್ಕೆ ಅವನ ಅಚ್ಚುಮೊಳೆಯೂ ಒಂದು ಕಾರಣವಾಯಿತು. ಇವರ ಶ್ರಮಕ್ಕೆ ನಾವು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 'ಡೆವಿಲ್' ಎಂಬ ಪದ ಎಲ್ಲಿಂದ ಬಂತು ನೋಡಿ. ಬೆಕ್ಕಿಗೆ ಹಾಲು ಹಾಕಿದ ಮುದುಕಿಯನ್ನು ಹಿಡಿದ ಕಾನೂನಿನ ನೆರಳು ಅದರ ಮೇಲಿದೆ. ಅಲ್ಲಿ ಮನುಷ್ಯನಿಗೆ ಗುಪ್ತವಾಗಿ ನೆರವಾಗುವ ಆತ್ಮ ಅಂದರೆ ಸೈತಾನನ ಆಳು ಎಂದೇ ಲೆಕ್ಕ. ಬೇರೆ ಮನೆ ಅದಕ್ಕಿರಲಿಲ್ಲ.

ನಮ್ಮ ಭಾಷೆಯಲ್ಲಿ ಬೇರೆ ಮನೆ ಉಂಟು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ಯು.ಪಿ. ಉಪಾಧ್ಯಾಯರು ಸಂಪಾದಿಸಿದ್ದು, ಅದನ್ನು ಸುಮ್ಮನೆ ತಿರುವಿ ಹಾಕಿದರೂ ಸಾಕು. ಅಗೆಲು, ತಂಬಿಲ, ಕೋಲ, ನೇಮ, ಬಾರಣೆ, ನುಡಿ, ಬೂಳ್ಯ: ಒಂದೊಂದು ಸಂಬಂಧಕ್ಕೆ ಒಂದೊಂದು ಪದ. ಹಾಗಂತ ಇಲ್ಲಿ ಮಾಟ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮಾಟ ಮಾಡಿಸಿದ್ದಾರೆ ಎಂಬ ಹೆದರಿಕೆ ಇದೆ, ಅದನ್ನು ತೆಗೆಯುತ್ತೇನೆಂದು ದುಡ್ಡು ಸುಲಿಯುವವರಿದ್ದಾರೆ, 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ವಾಮಾಚಾರ ನಿಷೇಧದ ಕಾಯ್ದೆಯೂ ರಾಜ್ಯದಲ್ಲಿದೆ. ಆದರೆ ಜನರ ಬಾಯಲ್ಲಿ ಎರಡಕ್ಕೂ ವ್ಯತ್ಯಾಸ ಸ್ಪಷ್ಟ. ಮಂತ್ರವಾದಿ ಭೂತವನ್ನು *ಕಟ್ಟಿಹಾಕುತ್ತಾನೆ*. ನಲಿಕೆ, ಪಂಬದ, ಪರವ ಸಮುದಾಯದವರು ಭೂತ *ಕಟ್ಟುತ್ತಾರೆ*. ಒಂದೇ ಧಾತು. ಮೊದಲನೆಯದರಲ್ಲಿ ಹಗ್ಗ ಭೂತದ ಕಾಲಿಗೆ. ಎರಡನೆಯದರಲ್ಲಿ ಗಗ್ಗರ ಮನುಷ್ಯನ ಕಾಲಿಗೆ.

ಹುಡುಗಿಗೆ ಬೇಕಾದ ಕಾರಣದ ಅರ್ಧ ಇಲ್ಲಿದೆ ಅಂತ ನನಗೆ ಕಾಣ್ತದೆ. ರೂಮ್‌ಮೇಟಿನ ಪುಸ್ತಕದಲ್ಲಿ ಆರಿಸಿಕೊಳ್ಳುವುದು ಮನುಷ್ಯ. ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಬಿಡಬಹುದು. ಕಲ್ಲುರ್ಟಿಯನ್ನು ಯಾರೂ ಆರಿಸಿಕೊಂಡದ್ದಲ್ಲ. ಅವಳು ಮನೆಯೊಳಗೆ ಬಂದದ್ದು ಒಂದು ಅನ್ಯಾಯದ ಬಾಕಿಯ ಜತೆ. ಅವಳಿಗೆ ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ ಬಡಿಸಿ ಅಗೆಲು ಹಾಕುವಾಗ ನಾವು ಕೂಲಿ ಕೊಡುತ್ತಿಲ್ಲ. ಬಂಟ್ವಾಳದ ಕಡೆಯ ಪಣೋಲಿಬೈಲಿಗೆ ಹೋಗಿ ಅಗೆಲು ಕೊಡುವವರನ್ನು ಕೇಳಿ ನೋಡಿ, ಕಳೆದುಹೋದ ಚಿನ್ನ ಸಿಕ್ಕಿತು, ಕೋರ್ಟು ಕೇಸು ಮುಗಿಯಿತು ಅಂತ ಹೇಳುತ್ತಾರೆ. ಆದರೆ "ಕಲ್ಲುರ್ಟಿ ನನ್ನ ಕೆಲಸ ಮಾಡಿಕೊಟ್ಟಳು" ಅಂತ ಆಳಿನ ಮಾತಿನಲ್ಲಿ ಹೇಳುವವರು ನನಗೆ ಸಿಕ್ಕಿಲ್ಲ. "ಅಪ್ಪೆ ಕೈ ಬಿಡಲಿಲ್ಲ" ಅನ್ನುತ್ತಾರೆ. ತಾಯಿ ಅಂತ.

ಇನ್ನು ಕಾಪುವಿನ ಪಿಲಿಕೋಲ. ಎರಡು ವರ್ಷಕ್ಕೊಮ್ಮೆ ನಡೆಯುವಂಥದ್ದು. ಹುಲಿಯ ದೈವ ಅಂಗಳಕ್ಕೆ ಇಳಿಯಿತೆಂದರೆ ಸೇರಿದ ಗಂಡಸರೆಲ್ಲ ಓಡುತ್ತಾರೆ, ಯಾಕೆಂದರೆ ಅದು ಯಾರನ್ನು ಮುಟ್ಟುತ್ತದೋ ಅವನಿಗೆ ಮುಂದಿನ ಕೋಲ ನೋಡುವ ಆಯುಷ್ಯ ಇಲ್ಲ ಅಂತ ನಂಬಿಕೆ. ಇದನ್ನು 'ಸಹಾಯಕ ಆತ್ಮ' ಅಂತ ಯಾವ ಅಧ್ಯಾಯದಲ್ಲಿ ಸೇರಿಸುವುದು ಹೇಳಿ?

ಇಷ್ಟೆಲ್ಲ ಹೇಳಿದ ಮೇಲೆ, ರೂಮ್‌ಮೇಟಿನ ಪ್ರಶ್ನೆಯಲ್ಲಿ ಒಂದು ಮುಳ್ಳು ಉಂಟು, ಅದನ್ನು ಬಿಟ್ಟು ಓಡುವುದು ಸರಿಯಲ್ಲ. "ಕೆಲಸ ಮಾಡಿಸ್ಕೊಳ್ತೀರಿ" ಎಂಬ ಮಾತು. ದೈವದಿಂದ ಅಲ್ಲದಿದ್ದರೂ, ದೈವ ಕಟ್ಟುವವರಿಂದ ಮಾಡಿಸಿಕೊಂಡದ್ದು ಹೌದಲ್ಲ?

ಕೋಲದ ಭಂಡಾರ ಇರುವುದು ಗುತ್ತಿನ ಮನೆಯಲ್ಲಿ, ಬೀಡಿನಲ್ಲಿ. ಗೇಣಿ ಕಟ್ಟುವ ಒಕ್ಕಲು ಅದೇ ಅಂಗಳದಲ್ಲಿ ಕೈಮುಗಿದು ನಿಂತು ದೈವದ ನುಡಿ ಕೇಳಬೇಕಿತ್ತು. ದೈವ ಎಷ್ಟೋ ಸಲ ಧನಿಯನ್ನು ಗದರಿಸಿತು. ಎಷ್ಟೋ ಸಲ ಧನಿಯ ಕಟ್ಟುಕಟ್ಟಳೆಗೆ ಮೊಹರು ಒತ್ತಿತು. ಎರಡೂ ನಡೆದಿದೆ, ಒಂದನ್ನೇ ಹೇಳಿದರೆ ಅದು ಚರಿತ್ರೆ ಆಗುವುದಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿ ಹೋದಾಗ ಎಷ್ಟೋ ಗುತ್ತುಗಳಲ್ಲಿ ಕೋಲ ನಡೆಸಲು ಗತಿಯಿಲ್ಲದಾಯಿತು. ಆಮೇಲೆ ಮುಂಬಯಿಯ ಹೋಟೆಲು, ಗಲ್ಫಿನ ದುಡ್ಡು ಬಂದು ಮತ್ತೆ ಚಪ್ಪರ ಎದ್ದಿತು. ಈಗ ಎಲ್.ಇ.ಡಿ. ಲೈಟೂ ಉಂಟು, ಡ್ರೋನೂ ಉಂಟು.

ಬದಲಾಗದ್ದು ಬೆಳಗಿನ ಜಾವದ ದೃಶ್ಯ. ಚಿಕ್ಕವನಿದ್ದಾಗ ಕಾರ್ಕಳದ ಕಡೆಯ ನೆಂಟರ ಮನೆಯ ಕೋಲದಲ್ಲಿ ನಾನೇ ನೋಡಿದ್ದು. ಇಡೀ ರಾತ್ರಿ ಕಲ್ಲುರ್ಟಿಯಾಗಿ ನಿಂತವರ ಎದುರು ಮನೆಯ ಯಜಮಾನರು ಮುಂಡಾಸು ಬಿಚ್ಚಿ, ತಲೆ ತಗ್ಗಿಸಿ, "ತಪ್ಪಾಯಿತು" ಅಂದಿದ್ದರು. ಬೆಳಕು ಹರಿಯುವಾಗ ಅದೇ ಮನುಷ್ಯ ಮುಖದ ಅರದಾಳ ತೊಳೆದುಕೊಂಡು, ಅಣಿ ಬಿಚ್ಚಿಟ್ಟು, ಅಂಗಳದ ತುದಿಯಲ್ಲಿ ಕೂತಿದ್ದರು. ಚಹಾ ಅಲ್ಲಿಗೇ ಹೋಯಿತು. ಜಗಲಿಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ, ಅವರೂ ಬರಲಿಲ್ಲ. ನಾನು ಅಜ್ಜಿಯನ್ನು ಕೇಳಿದೆ, "ಈಗ ಅವರು ಕಲ್ಲುರ್ಟಿ ಅಲ್ವಾ?" ಅಜ್ಜಿ, "ಸುಮ್ಮನೆ ಕೂತ್ಕೊ ಮಗಾ" ಅಂದರು.

2022ರಲ್ಲಿ 'ಕಾಂತಾರ' ಸಿನಿಮಾ ಬಂದ ಬೆನ್ನಿಗೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೆಯದೇ. ಗಗ್ಗರ ಕಟ್ಟಿ ಕಟ್ಟಿ ಕಾಲಿನ ಗಂಟು ಹೋದವರಿಗೆ ಅದು ಔಷಧಕ್ಕಾದರೂ ಆಗ್ತದೆ. ಆದರೆ ದೈವವೇ ಕೈಕಾಲು ಕಳೆದುಕೊಂಡ ಒಬ್ಬ ಕೆಲಸಗಾರ, ಅದನ್ನು ಕಟ್ಟುವವರೂ ಕೆಲಸಗಾರರು, ಮತ್ತು ಇಬ್ಬರಿಗೂ ಸಲ್ಲಬೇಕಾದ್ದರ ಲೆಕ್ಕ ಇನ್ನೂ ನಮ್ಮ ಅಂಗಳದಲ್ಲೇ ಬಿದ್ದಿದೆ. ಹುಡುಗಿಗೆ ಬೇಕಾದ ಕಾರಣದ ಇನ್ನರ್ಧವನ್ನು ನಾನು ಇಲ್ಲಿ ಹುಡುಕುತ್ತಿದ್ದೇನೆ. ಅದು ಉತ್ತರಕ್ಕಿಂತ ಹೆಚ್ಚಾಗಿ ನಮ್ಮ ಮೇಲಿನ ಸಾಲದ ಚೀಟಿ.

ಮಣಿಪಾಲದ ತಂಗಿ, ನಿಮ್ಮ ರೂಮ್‌ಮೇಟನ್ನು ಒಮ್ಮೆ ಕಾರ್ಕಳಕ್ಕೆ ಕರೆದುಕೊಂಡು ಹೋಗಿ. ಬೆಟ್ಟದ ಮೆಟ್ಟಿಲು ಹತ್ತಿಸಿ ಗೊಮ್ಮಟನ ಪಾದ ತೋರಿಸಿ, ಆಮೇಲೆ ಮನೆಗೆ ಕರೆದು ಕಲ್ಲುರ್ಟಿಯ ಜಾಗ ತೋರಿಸಿ. ಕಥೆಯನ್ನು ಆ ಅನುಕ್ರಮದಲ್ಲೇ ಹೇಳಿ. ಮತ್ತೊಂದು ವಿನಂತಿ. ನಿಮ್ಮ ಮನೆಯ ಕೋಲಕ್ಕೆ ಬರುವವರಲ್ಲಿ ತೆಂಬರೆ ಹಿಡಿದು ಪಾಡ್ದನ ಹೇಳುವ ಹಿರಿಯ ಹೆಂಗಸು ಯಾರಾದರೂ ಇದ್ದರೆ, ಅವರ ಒಪ್ಪಿಗೆ ಕೇಳಿ, ಅವರ ಹೆಸರನ್ನೇ ಮೊದಲು ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಅವರ ಪಾಠದಲ್ಲಿ ಕಡಿದದ್ದು ಯಾವ ಕೈ, ಯಾವ ಕಾಲು ಅಂತ ನನಗೆ ತಿಳಿಸಿ. ಮುಂದಿನ ವಾರ ಸಿಗುವ.