ಕಲ್ಲು ಹೇಳಿದ್ದೆಲ್ಲ ಖರೇನ?

ಗುಡೂರು ಸೀಮೆಯಲ್ಲಿ ವಾದ ಜೋರಾದರೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ‘ಅಂವಾ ಹೇಳಿದ್ದೇನ ಶಿಲಾಶಾಸನ ಏನೋ ತಮ್ಮಾ?’ ಮರುಮಾತಿಲ್ಲದೆ ಒಪ್ಪಬೇಕಾದದ್ದಕ್ಕೆ ಕನ್ನಡದಲ್ಲಿ ಎರಡು ಮಾತು ಬಳಕೆಯಲ್ಲಿವೆ: ವೇದವಾಕ್ಯ, ಶಿಲಾಶಾಸನ. ವೇದ ಕಿವಿಯಿಂದ ಕಿವಿಗೆ ಬಂದದ್ದು, ಶಾಸನ ಕಣ್ಣೆದುರು ನಿಂತದ್ದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನೆರೆಯ ಊರಿಗೆ ಎರಡನೆಯದೇ ಹತ್ತಿರ.

ಆದರೆ ಶಾಸನ ಅಂದರೆ ಸತ್ಯ ಅಂತಲ್ಲ, ಅಪ್ಪಣೆ. ಸಂಸ್ಕೃತದ ‘ಶಾಸ್’ ಧಾತುವಿಗೆ ಆಳು, ಆಜ್ಞಾಪಿಸು, ಕಲಿಸು, ದಂಡಿಸು ಎಂಬ ಅರ್ಥಗಳಿವೆ. ಶಾಸ್ತ್ರ, ಶಿಷ್ಯ, ಶಾಸ್ತಿ ಎಲ್ಲ ಅದೇ ಬಳ್ಳಿಯ ಕಾಯಿ, ವಿಧಾನಸಭೆಯ ಶಾಸಕರೂ. ಹಳೆಯ ಶಾಸನಗಳಲ್ಲಿ ಎಷ್ಟೋ ದಾನಪತ್ರಗಳು: ಇಂಥ ಗುಡಿಗೆ ಇಷ್ಟು ಮತ್ತರು ಹೊಲ, ಎಲ್ಲೆ ಇಂತಿಂಥದು. ಕಡೆಗೊಂದು ಶಾಪ: ಕೊಟ್ಟ ಭೂಮಿಯನ್ನು ಕಸಿದವನು 60,000 ವರ್ಷ ಮಲದ ಹುಳುವಾಗುತ್ತಾನೆ. ಕಲ್ಲಿನ ಮಾತನ್ನು ಯಾರೂ ಮೀರರು ಎಂಬ ಭರವಸೆ ಬರೆಸಿದವರಿಗೇ ಇದ್ದಿದ್ದರೆ ಶಾಪವೇಕೆ ಬೇಕಿತ್ತು? ಖೊಟ್ಟಿ ಶಾಸನ ಹುಟ್ಟಿಸುವವರೂ ಇದ್ದರು. ಅದಕ್ಕೆ ‘ಕೂಟಶಾಸನ’ ಎಂಬ ಹೆಸರೇ ಇದೆ. ಮನುಸ್ಮೃತಿ ಅಂಥವರಿಗೆ ಮರಣದಂಡನೆ ವಿಧಿಸುತ್ತದೆ.

ಐಹೊಳೆಯ ಮೇಗುತಿ ಗುಡ್ಡ ಹತ್ತಿದರೆ ಜಿನಾಲಯದ ಗೋಡೆಯಲ್ಲಿ ಶಕವರ್ಷ 556ರ, ಅಂದರೆ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. 19 ಸಾಲು, ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಇಮ್ಮಡಿ ಪುಲಕೇಶಿಯೆದುರು ಹರ್ಷ ಸೋತನೆಂದು ಅದು ಹೇಳುತ್ತದೆ. ಕಾಳಿದಾಸ, ಭಾರವಿಯರಷ್ಟೇ ಕೀರ್ತಿ ತನಗೂ ಇದೆ ಎಂದು ಕವಿ ಕೊನೆಯಲ್ಲಿ ಸೇರಿಸಿದ್ದಾನೆ. ಅದೇ ಕಲ್ಲು, ಅದೇ ಕೆತ್ತನೆ. ಮೊದಲ ಮಾತಿಗೆ ತೂಕ ಬಂದದ್ದು ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನಿಂದ. ಈ ನಾಡಿನ ದೊರೆ ಹರ್ಷನಿಗೆ ಮಣಿಯಲಿಲ್ಲವೆಂದು ಅವನೂ ಬರೆದಿಟ್ಟ. ಎರಡನೆಯ ಮಾತಿನಿಂದ ರವಿಕೀರ್ತಿಯ ದೊಡ್ಡಸ್ತಿಕೆ ಸಾಬೀತಾಗುವುದಿಲ್ಲ. 634ರ ಹೊತ್ತಿಗೆ ಕಾಳಿದಾಸ ಹೆಸರುವಾಸಿಯಾಗಿದ್ದ ಎಂಬುದು ಮಾತ್ರ ಸಾಬೀತಾಗುತ್ತದೆ. ಬಡಾಯಿಯಿಂದಲೂ ಇತಿಹಾಸಕ್ಕೆ ಲಾಭವೇ ಆಯಿತು.

ಕಲ್ಲು ಮಾತನ್ನು ಉಳಿಸುತ್ತದೆ, ಖರೆ ಮಾಡುವುದಿಲ್ಲ. ಮೊಬೈಲಿಗೆ ಬಂದದ್ದನ್ನೋ ಹಿರಿಯರು ಅಂದದ್ದನ್ನೋ ಶಿಲಾಶಾಸನ ಎನ್ನುವ ಮೊದಲು ಕೇಳಿ: ಬರೆಸಿದವರು ಯಾರು, ಯಾರ ಲಾಭಕ್ಕೆ, ಇನ್ನೊಂದು ಸಾಕ್ಷಿ ಎಲ್ಲಿದೆ? ಶಾಸನ ಓದುವವರು ನಿತ್ಯ ಮಾಡುವ ಕೆಲಸವೂ ಇದೇ.