ಹೊಟ್ಟೆ ಬಟ್ಟೆ ಕಟ್ಟಿ

ಹೊಟ್ಟೆ ಬಟ್ಟೆ ಕಟ್ಟಿ ಉಳಿಸುವುದು ಬಡವರ ಪಾಡೆಂದು ತಿಳಿದವರು ನಾವು. ಈಗ ಲಕ್ಷಗಟ್ಟಲೆ ತೆತ್ತು ಕೊಬ್ಬು ತೆಗೆಸಿಕೊಂಡವರು ನಾಲ್ಕಾರು ವಾರ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡಿರುತ್ತಾರೆ. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಸುತ್ತುತ್ತಿದ್ದ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಆದರೆ ಈ ಬಟ್ಟೆಯ ವಂಶಾವಳಿಯೇ ಬೇರೆ. ಅದು ಸೌಂದರ್ಯದ ಮನೆಯಲ್ಲಿ ಹುಟ್ಟಿದ್ದಲ್ಲ.

ಕಾನ್ರಾಡ್ ಜಾಬ್ಸ್ಟ್ ವೈದ್ಯನಲ್ಲ. ಜರ್ಮನಿಯಿಂದ ಹೋಗಿ ಅಮೆರಿಕದ ಟೊಲಿಡೋ ನಗರದಲ್ಲಿ ನೆಲೆಸಿದ ಇಂಜಿನಿಯರ್. ಕಾಲಿನ ರಕ್ತನಾಳಗಳು ಕೆಟ್ಟು ಹುಣ್ಣಾಗಿ ಬಹುಕಾಲ ನರಳಿದವನು. ಈಜುಕೊಳದ ನೀರಿನಲ್ಲಿ ನಿಂತಾಗ ಮಾತ್ರ ಅವನಿಗೆ ಹಾಯೆನಿಸುತ್ತಿತ್ತು. ಬೇರೆ ಯಾರಾದರೂ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಈತ ಲೆಕ್ಕ ಹಾಕಿದ: ನೀರು ಆಳವಾದಷ್ಟೂ ಒತ್ತಡ ಹೆಚ್ಚು, ಕಾಲ ಗಂಟಿನ ಬಳಿ ಜಾಸ್ತಿ, ಮೇಲೆ ಬಂದಂತೆ ಕಡಿಮೆ. ಅದೇ ಲೆಕ್ಕದಲ್ಲಿ ಬಿಗಿ ಇಳಿಯುತ್ತ ಬರುವ ಕಾಲುಚೀಲ ಮಾಡಿದ. ಇದು 1950ರ ಸುಮಾರಿನ ಮಾತು. ಆತ 1957ರಲ್ಲಿ ತೀರಿಕೊಂಡ. 1970ರ ದಶಕದ ಮೊದಲಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಇಂಥದೇ ಬಿಗಿಯುಡುಪನ್ನು ಸುಟ್ಟಗಾಯದ ಮಕ್ಕಳಿಗೆ, ಕಲೆ ಉಬ್ಬದಿರಲೆಂದು ತೊಡಿಸತೊಡಗಿದರು.

ಪ್ಯಾರಿಸ್ಸಿನ ಈವ್-ಜೆರಾರ್ ಇಲೂಜ್ 1977ರಲ್ಲಿ ಮೊಂಡು ತುದಿಯ ಕೊಳವೆಯಿಂದ ಕೊಬ್ಬು ಹೀರುವ ದಾರಿ ತೋರಿದ ಮೇಲೆ ಈ ಬಟ್ಟೆಗೆ ಇನ್ನೊಂದು ಕೆಲಸ ಸಿಕ್ಕಿತು. ಕೊಬ್ಬು ಹೋದ ಕಡೆ ಚರ್ಮದಡಿ ಇಲಿಯ ಬಿಲಗಳಂಥ ಪೊಳ್ಳು ಉಳಿದು, ರಕ್ತ ಬೆರೆತ ನೀರು ತುಂಬುತ್ತದೆ. ಹೊರಗಿನಿಂದ ಹದವಾಗಿ ಒತ್ತಿ ಹಿಡಿದರೆ ಬಾವು ಕಡಿಮೆ; ಚರ್ಮ ಕೆಳಗಿನ ಪದರಕ್ಕೆ ಅಂಟಿಕೊಳ್ಳಲೂ ಅನುಕೂಲ.

ಹದವಾಗಿ ಎಂದೆ. ಬಿಗಿದಷ್ಟೂ ನಡು ಸಣ್ಣ ಎಂಬುದು ಅಂಗಡಿಯವನ ಮಾತು. ಅರಿವಳಿಕೆ ಬೆರೆತ ಉಪ್ಪುನೀರು ತುಂಬಿ ಕೊಬ್ಬು ತೆಗೆಯುವ ಕ್ರಮವನ್ನು 1987ರಲ್ಲಿ ಪ್ರಕಟಿಸಿದ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್, ರಂಧ್ರಗಳನ್ನು ಹೊಲಿಯದೆ ಬಿಟ್ಟು, ನೀರು ಸೋರುವಷ್ಟು ದಿನ ಮಾತ್ರ ಬಿಗಿಯಾಗಿ ಕಟ್ಟಿ, ಆಮೇಲೆ ಸಡಿಲಿಸಬೇಕೆಂದು ವಾದಿಸಿದ. ಅತಿಯಾಗಿ ಬಿಗಿದರೆ ಚರ್ಮಕ್ಕೆ ರಕ್ತ ಸಾಲದು. ಹೊಟ್ಟೆಯೊಳಗಿನ ಒತ್ತಡ ಏರಿ ಕಾಲಿನಿಂದ ಮೇಲೆ ಬರುವ ರಕ್ತಕ್ಕೂ ಅಡ್ಡಿ. ಕಾಲಿನ ರಕ್ತವನ್ನು ಮೇಲೇರಿಸಲು ಹುಟ್ಟಿದ ಬಟ್ಟೆ ಹೊಟ್ಟೆಯ ಮೇಲೆ ಕುಳಿತು ಅದನ್ನೇ ತಡೆಯುವುದೆಂದರೆ!

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಬಾಲ್ಟಿಮೋರಿನ ಹೋವರ್ಡ್ ಕೆಲ್ಲಿ ಜೋತುಬಿದ್ದ ಹೊಟ್ಟೆಯ ಕೊಬ್ಬನ್ನು ಕತ್ತರಿಸಿ ತೆಗೆದುದನ್ನು 1899ರಲ್ಲಿ ವರದಿ ಮಾಡಿದ. ಹೊಟ್ಟೆ ಕೊಯ್ಸಿಕೊಂಡವರು ಹೊಲಿಗೆ ಬಿಚ್ಚೀತೆಂದು ವಾರಗಟ್ಟಲೆ ಅಲುಗದೆ ಮಲಗುತ್ತಿದ್ದ ಕಾಲ ಅದು. ಅದೇ ವರ್ಷ ಷಿಕಾಗೋದ ಎಮಿಲ್ ರೀಸ್, ರೋಗಿಯನ್ನು ಬೇಗ ಎಬ್ಬಿಸಿ ನಡೆಸಿ ಎಂದು ಬರೆದ. ಕೇಳುವವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆ, ದಾದಿಯರು ಸಾಲದೆ ಬಂದಾಗಲೇ ಆ ಮಾತಿಗೆ ಬೆಲೆ ಬಂದದ್ದು.

ಈಚೆಗೆ ನಮ್ಮ ಬಂಧುಗಳೊಬ್ಬರ ಮಗಳು ಈ ಚಿಕಿತ್ಸೆ ಮಾಡಿಸಿಕೊಂಡು ಬಂದಳು. ಆಸ್ಪತ್ರೆ ಕೊಟ್ಟ ಚೀಟಿಯಲ್ಲಿ ಉಡುಪಿನ ಅಳತೆ, ಒಗೆಯುವ ಬಗೆ, ಎರಡನೆಯ ಜೊತೆಯ ಬೆಲೆ ಎಲ್ಲ ಇತ್ತು. ಒಂದೇ ಕಾಲು ಬಾತರೆ, ಮೀನಖಂಡ ನೋಯತೊಡಗಿದರೆ, ಉಸಿರು ಸಿಕ್ಕಿಕೊಂಡರೆ ಅಪರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕೆಂಬುದು ಮಾತ್ರ ಇರಲಿಲ್ಲ. ಅವಳ ತಾಯಿ ಮತ್ತೆ ಹೋಗಿ, ನಿಂತು, ಬರೆಸಿಕೊಂಡು ಬಂದರು.