ಹಳ್ಳಿಗೆ ಅತಿಥಿ ಬಂದರೆ ಲೆಕ್ಕ ಬರೆಯೋರು ಯಾರು?

ಕಳೆದ ದೀಪಾವಳಿ ಹೊತ್ತಿಗೆ ಊರಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಅಡಿಕೆ ಒಂದನ್ನೇ ನಂಬಿಕೊಂಡರೆ ಆಗಲ್ಲ. ಹಳೇ ಮನೆ ಉಪ್ಪರಿಗೆ ರಿಪೇರಿ ಮಾಡಿಸಿ ಹೋಂಸ್ಟೇ ಮಾಡೋಣ ಅಂತಿದ್ದೀನಿ. ಸಾಲ ಸಿಗತ್ತಾ?" ಅಂತ. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಬ್ಯಾಂಕಿನ ಕುರ್ಚಿ ಬಿಸಿ ಮಾಡುತ್ತಾ ಕೂತಿರುವ ನನಗೆ ಸಾಲದ ಫಾರಂ ತುಂಬಿಸುವುದು ದೊಡ್ಡ ಕೆಲಸವಲ್ಲ. ಆದರೆ ಆ ಪ್ರಶ್ನೆ ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದಿದ್ದು ನಮ್ಮೂರಲ್ಲ, ಥಾಯ್ಲೆಂಡಿನ ಒಂದು ಬೆಟ್ಟದ ಹಳ್ಳಿ.

ಕೆಲವು ವರ್ಷದ ಹಿಂದೆ ನಾನೂ ಮನೆಯವಳೂ ಥಾಯ್ಲೆಂಡಿಗೆ ಹೋಗಿದ್ದೆವು. (ಥಾಯ್ಲೆಂಡ್ ಅಂದ ಕೂಡಲೇ ಆಫೀಸಿನ ಮಿತ್ರರು ಕಣ್ಣು ಮಿಟುಕಿಸುತ್ತಾರೆ. ಹೆಂಡತಿ ಜೊತೆಗಿದ್ದಳು ಅಂದರೆ ಸುಮ್ಮನಾಗುತ್ತಾರೆ!) ಉತ್ತರದ ಚಿಯಾಂಗ್ ಮಾಯ್ ನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಮೇ ಕಂಪೊಂಗ್ ಎಂಬಲ್ಲಿ ಒಂದು ರಾತ್ರಿ ಉಳಿದೆವು. ಮರದ ಮನೆಗಳು, ಮನೆ ಮುಂದೆಯೇ ಹರಿಯುವ ತೊರೆ. ಮನೆಯ ಅಜ್ಜಿ ನಮ್ಮ ಕೈಗೆ ಬಿಳಿ ದಾರ ಕಟ್ಟಿ ಏನೋ ಹರಸಿದರು. ಭಾಷೆ ತಿಳಿಯದಿದ್ದರೂ ಹರಕೆ ತಿಳಿಯಿತು. ಊಟದ ದುಡ್ಡು ಕೊಡಲು ಹೋದರೆ ಅವರು ತೋರಿಸಿದ್ದು ತಮ್ಮ ಕೈಚೀಲವನ್ನಲ್ಲ, ಊರ ಕಮಿಟಿಯ ಕಚೇರಿಯನ್ನು. ಬಿ.ಕಾಂ. ಓದಿದವನಿಗೆ ಅಷ್ಟು ಸಾಕಲ್ಲ, ಕುತೂಹಲ ಹುಟ್ಟಲಿಕ್ಕೆ! ಅಂದಿನಿಂದ ಇದರ ಚರಿತ್ರೆ ಹುಡುಕಿ ಓದುತ್ತಾ ಬಂದಿದ್ದೇನೆ.

ಮೊದಲಿಂದ ಶುರು ಮಾಡೋಣ. 1960ರಲ್ಲಿ ಥಾಯ್ಲೆಂಡಿಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 81 ಸಾವಿರ ಮಾತ್ರ. ಆಮೇಲೆ ವಿಯೆಟ್ನಾಂ ಯುದ್ಧ ಬಂತು. 1967ರ ಒಪ್ಪಂದದ ಪ್ರಕಾರ ಅಮೆರಿಕದ ಸೈನಿಕರು 'ವಿಶ್ರಾಂತಿ'ಗೆ ಇಲ್ಲಿಗೆ ಬರತೊಡಗಿದರು. ಪಟ್ಟಾಯದ ಹೆಸರು ಹೇಗೆ ಹಬ್ಬಿತು ಅಂತ ಬಿಡಿಸಿ ಹೇಳಬೇಕಿಲ್ಲ. ಯುದ್ಧ ಮುಗಿದು ಸೈನಿಕರು ಹೋದರು, ಹೋಟೆಲುಗಳು ಉಳಿದವು. 1987ನ್ನು 'ಥಾಯ್ಲೆಂಡ್ ಭೇಟಿ ವರ್ಷ' ಎಂದು ಸಾರಿದಾಗ ಬಂದವರು 34 ಲಕ್ಷಕ್ಕೂ ಹೆಚ್ಚು.

ಇದರಲ್ಲಿ ಹಳ್ಳಿಗೆ ಸಿಕ್ಕಿದ್ದೇನು? 1970ರ ದಶಕದಿಂದ ಉತ್ತರದ ಗುಡ್ಡಗಾಡು ಜನರ ಊರುಗಳಿಗೆ ಚಾರಣ ಶುರುವಾಗಿತ್ತು. ಏಜೆಂಟ್ ನಗರದಲ್ಲಿ, ದುಡ್ಡೂ ನಗರದಲ್ಲಿ. ಹಳ್ಳಿಯವರ ಪಾಲಿಗೆ ಚಿಲ್ಲರೆ ಮತ್ತು ಕ್ಯಾಮೆರಾ. ಇದರ ಅತಿರೇಕ ಕಾಣಿಸಿದ್ದು ಮೇ ಹೊಂಗ್ ಸೋನ್ ಪ್ರಾಂತದಲ್ಲಿ. ಬರ್ಮಾದಿಂದ ಓಡಿಬಂದ ಕಯಾನ್ ಜನರ ಹೆಂಗಸರು ಕುತ್ತಿಗೆಗೆ ಹಿತ್ತಾಳೆ ಬಳೆ ಸುತ್ತಿಕೊಳ್ಳುತ್ತಾರೆ. ಅವರನ್ನು ನೋಡಲು ಊರ ಬಾಗಿಲಲ್ಲಿ ಟಿಕೆಟ್! 2008ರಲ್ಲಿ ಅವರಲ್ಲಿ ಕೆಲವರಿಗೆ ನ್ಯೂಜಿಲೆಂಡ್, ಫಿನ್ಲೆಂಡಿನಲ್ಲಿ ನೆಲೆಸುವ ಅವಕಾಶ ಬಂದಾಗ ಥಾಯ್ ಅಧಿಕಾರಿಗಳು ಹೊರಹೋಗಲು ಅನುಮತಿ ಕೊಡಲಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಇದನ್ನು ಬಹಿರಂಗವಾಗಿಯೇ ಆಕ್ಷೇಪಿಸಿತು. ಅತಿಥಿ ಬಂದು ನೋಡುತ್ತಾನೆ, ಮನೆಯವರಿಗೆ ಎದ್ದು ಹೋಗುವ ಹಕ್ಕೂ ಇಲ್ಲ. ಇದಕ್ಕೆ ಏನನ್ನೋಣ?

ಇದಕ್ಕೆ ಉತ್ತರವಾಗಿ ಬೇರೆ ದಾರಿ ಹುಡುಕಿದವರೂ ಇದ್ದರು. 1994ರಲ್ಲಿ 'ರೆಸ್ಟ್' ಎಂಬ ಸಣ್ಣ ಸಂಸ್ಥೆ ಹುಟ್ಟಿತು. ಹಳ್ಳಿಯವರೇ ನಡೆಸುವ ಪ್ರವಾಸೋದ್ಯಮ ಅವರ ಗುರಿ. ಅವರು ಕೈಹಾಕಿದ ಜಾಗಗಳಲ್ಲಿ ಹೆಸರಾದದ್ದು ಪುಕೆಟ್ ಪಕ್ಕದ ಸಮುದ್ರದಲ್ಲಿರುವ ಕೊ ಯಾವ್ ನೋಯ್ ದ್ವೀಪ. ಅಲ್ಲಿರುವವರು ಹೆಚ್ಚಾಗಿ ಮುಸ್ಲಿಂ ಮೀನುಗಾರರು. ಅವರ ಸಮಸ್ಯೆ ಪ್ರವಾಸಿಗರದ್ದಲ್ಲ, ಟ್ರಾಲರುಗಳದ್ದು. ದಡದಿಂದ 3 ಕಿಲೋಮೀಟರ್ ಒಳಗೆ ಟ್ರಾಲರ್ ಬರಬಾರದು ಅಂತ 1972ರಿಂದಲೇ ನಿಯಮವಿತ್ತು. ಕೇಳುವವರು ಯಾರು? ದೊಡ್ಡ ದೋಣಿಗಳು ಬಂದು ಮರಿಮೀನನ್ನೂ ಬಳಿದುಕೊಂಡು ಹೋಗುತ್ತಿದ್ದವು. ದ್ವೀಪದವರು ಒಂದು ಉಪಾಯ ಮಾಡಿದರು. ಹೊರಗಿನವರನ್ನು ಮನೆಗೆ ಕರೆದು, ಬಲೆ ಬೀಸುವುದನ್ನು ತೋರಿಸಿ, ತಮ್ಮ ಕಷ್ಟವನ್ನೂ ಹೇಳುವುದು. ಅಂದರೆ ಅತಿಥಿ ಅವರಿಗೆ ಗಿರಾಕಿ ಅನ್ನುವುದಕ್ಕಿಂತ ಸಾಕ್ಷಿ! ಮನೆಗಳಿಗೆ ಸರದಿ ಪ್ರಕಾರ ಅತಿಥಿಗಳು, ಆದಾಯದಲ್ಲಿ ಒಂದು ಪಾಲು ಊರ ನಿಧಿಗೆ, ಮೈತುಂಬ ಬಟ್ಟೆ ಹಾಕಬೇಕು, ಮದ್ಯ ಕೂಡದು. ಇಷ್ಟು ಶಿಸ್ತಿನ ಈ ಪುಟ್ಟ ಸಂಘಕ್ಕೆ 2002ರಲ್ಲಿ ಅಂತಾರಾಷ್ಟ್ರೀಯ ಮಟ್ಟದ ವರ್ಲ್ಡ್ ಲೆಗಸಿ ಪ್ರಶಸ್ತಿ ಬಂತು.

ಈಗ ನಮ್ಮ ಅಜ್ಜಿಯ ಮೇ ಕಂಪೊಂಗಿಗೆ ಬರೋಣ. ಈ ಊರು ಬದುಕಿದ್ದು 'ಮಿಯಾಂಗ್' ಮೇಲೆ. ಕಾಡು ಚಹಾದ ಎಲೆಯನ್ನು ಬೇಯಿಸಿ, ಹುಳಿ ಬರಿಸಿ, ಊಟದ ನಂತರ ಬಾಯಲ್ಲಿಟ್ಟುಕೊಂಡು ಜಗಿಯುವುದು. ಬಂದವರಿಗೆ ಮೊದಲು ಕೊಡುವುದೂ ಅದನ್ನೇ. ನಮ್ಮ ಎಲೆಅಡಿಕೆ ಅಂದುಕೊಳ್ಳಿ. ಆದರೆ ಹೊಸ ತಲೆಮಾರು ಜಗಿಯುವುದನ್ನು ಬಿಟ್ಟಿತು, ಮಿಯಾಂಗ್ ಬೆಲೆ ಬಿತ್ತು, ಹುಡುಗರು ನಗರಕ್ಕೆ ಹೊರಟರು. ಈ ಕತೆ ಮಲೆನಾಡಿನಿಂದ ಮುಂಬಯಿಗೆ ಬಂದ ನನ್ನಂಥವನಿಗೆ ಯಾರೂ ವಿವರಿಸಬೇಕಿಲ್ಲ.

ಆದರೆ ಆ ಊರಲ್ಲಿ ಇನ್ನೊಂದು ಸಂಗತಿ ಇತ್ತು. 1980ರ ದಶಕದ ಆರಂಭದಲ್ಲೇ, ಸರ್ಕಾರದ ಲೈನು ಬರದಿದ್ದಾಗ, ಊರವರು ಇಲಾಖೆಯ ನೆರವು ಪಡೆದು, ತಾವೇ ಮೈಮುರಿದು ದುಡಿದು ತೊರೆಗೆ ಸಣ್ಣ ಜಲವಿದ್ಯುತ್ ಘಟಕ ಕಟ್ಟಿಕೊಂಡರು. ಅದನ್ನು ನಡೆಸಲು ಸಹಕಾರ ಸಂಘ ಮಾಡಿದರು. ಮನೆಮನೆಯವರೂ ಸದಸ್ಯರು, ಬಿಲ್ಲು ಕಟ್ಟಬೇಕು, ಲೆಕ್ಕ ಒಪ್ಪಿಸಬೇಕು. ರಾಜಮನೆತನದ ಯೋಜನೆಯೊಂದರಿಂದ ಚಹಾ ಗಿಡಗಳ ನಡುವೆ ಕಾಫಿಯೂ ಬಂತು. 2000ದಲ್ಲಿ ಹೋಂಸ್ಟೇ ಶುರು ಮಾಡುವಾಗ ಅವರಿಗೆ ಹೊಸದಾಗಿ ಸಂಘ ಕಟ್ಟುವುದೇ ಬೇಕಾಗಲಿಲ್ಲ. ಇಪ್ಪತ್ತು ವರ್ಷ ಕರೆಂಟಿನ ಲೆಕ್ಕ ಬರೆದು ರೂಢಿಯಾಗಿದ್ದ ಕೈಗೆ ಅತಿಥಿಗಳ ಲೆಕ್ಕ ಯಾವ ಕಷ್ಟ? ಉಳಿಸಿಕೊಂಡ ಮನೆಗೆ ಒಂದು ಪಾಲು, ಊರ ನಿಧಿಗೆ ಒಂದು ಪಾಲು. ಆ ನಿಧಿಯಿಂದ ವೃದ್ಧರಿಗೆ, ಓದುವ ಮಕ್ಕಳಿಗೆ, ಸತ್ತವರ ಮನೆಗೆ ಸಹಾಯ. ಅತಿಥಿ ಬಾರದ ಮನೆಗೂ ಅತಿಥಿಯಿಂದ ಲಾಭ. ನನ್ನ ಲೆಕ್ಕದಲ್ಲಿ ಇಡೀ ವಿಷಯದ ಗುಟ್ಟು ಇದೇ.

ಇಷ್ಟರಲ್ಲಿ ದೇಶದಲ್ಲಿ ದೊಡ್ಡ ಏಟು ಬಿದ್ದಿತ್ತು. 1997ರ ಜುಲೈ 2ರಂದು ಥಾಯ್ ಸರ್ಕಾರ ಬಾತ್ ಕರೆನ್ಸಿಯ ಕೈಬಿಟ್ಟಿತು. ಡಾಲರಿಗೆ 25ರ ಸುಮಾರಿನಲ್ಲಿದ್ದದ್ದು 1998ರ ಜನವರಿಯಲ್ಲಿ 50 ದಾಟಿತು. ಆ ದಿನಗಳಲ್ಲಿ ನಮ್ಮ ಬ್ಯಾಂಕಿನಲ್ಲೂ ಬೇರೆ ಮಾತೇ ಇರಲಿಲ್ಲ. ಕೆಲಸ ಕಳಕೊಂಡವರು ಹಳ್ಳಿಗೆ ಮರಳಿದರು. ಡಾಲರ್ ತರಲು 'ಅಮೇಜಿಂಗ್ ಥಾಯ್ಲೆಂಡ್' ಪ್ರಚಾರ ಜೋರಾಯಿತು. 2001ರಲ್ಲಿ ತಕ್ಸಿನ್ ಸರ್ಕಾರ 70 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ತಲಾ 10 ಲಕ್ಷ ಬಾತ್ ಸಾಲನಿಧಿ ಕೊಟ್ಟಿತು. ಜಪಾನಿನ ಓಯಿಟಾ ಪ್ರಾಂತದ ಮಾದರಿಯಲ್ಲಿ 'ಒಂದು ಊರು, ಒಂದು ಉತ್ಪನ್ನ' ಯೋಜನೆ ತಂದಿತು. ಹೋಂಸ್ಟೇಗೆ ಸರ್ಕಾರಿ ಗುಣಮಟ್ಟದ ಪಟ್ಟಿ ಬಂತು. ಹತ್ತು ಊರು ಕಷ್ಟಪಟ್ಟು ಕಲಿತದ್ದು ಸಾವಿರ ಊರಿಗೆ ಸುತ್ತೋಲೆಯಾಗಿ ಹೋಯಿತು. ಸುತ್ತೋಲೆಯಿಂದ ಏನಾಗುತ್ತೆ, ಏನಾಗಲ್ಲ ಅನ್ನುವುದು ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು!

ಕೆಟ್ಟ ಫಲವನ್ನೂ ಹೇಳಿಬಿಡಬೇಕು. ಬ್ಯಾಂಕಾಕಿನ ನೈಋತ್ಯಕ್ಕೆ ಅಂಪಾವಾ ಎಂಬ ಕಾಲುವೆ ಊರು. 2004ರಲ್ಲಿ ಅಲ್ಲಿನ ಹಳೇ ತೇಲುವ ಸಂತೆಗೆ ಮರುಜೀವ ಬಂತು. ದಡದ ಲಂಪು ಮರಗಳಲ್ಲಿ ರಾತ್ರಿ ಸಾವಿರಾರು ಮಿಣುಕುಹುಳ. ಅದನ್ನು ನೋಡಲು ಮೋಟಾರ್ ದೋಣಿಗಳ ಸಾಲು. ದೋಣಿಯವನಿಗೆ ದುಡ್ಡು, ಅಂಗಡಿಯವನಿಗೆ ದುಡ್ಡು, ದಡದಲ್ಲಿ ಮಲಗಿದ ಮನೆಯವನಿಗೆ ಬರೀ ಗದ್ದಲ. ಕೊನೆಗೆ ಕೆಲವರು ಏನು ಮಾಡಿದರು ಗೊತ್ತೇ? ಮರವನ್ನೇ ಕಡಿದುಹಾಕಿದರು! ಮರ ಇಲ್ಲ, ಹುಳ ಇಲ್ಲ, ದೋಣಿ ಇಲ್ಲ, ನಿದ್ದೆ ಉಂಟು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲವಲ್ಲ.

ಮೇ ಕಂಪೊಂಗಿನದೂ ಬರೀ ಸುಖದ ಕತೆಯಲ್ಲ. ಹೆಸರು ಹಬ್ಬಿದ ಮೇಲೆ, ಅದರಲ್ಲೂ ಮೊಬೈಲಿನಲ್ಲಿ ಫೋಟೋ ಹಂಚುವ ಕಾಲ ಬಂದ ಮೇಲೆ, ವಾರಾಂತ್ಯಕ್ಕೆ ಆ ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲು. ಹೊರಗಿನವರು ಬಂದು ಕಾಫಿ ಅಂಗಡಿ, ವಸತಿಗೃಹ ಶುರು ಮಾಡಿದರು. ಅವರು ಸರದಿಗೂ ಸೇರುವುದಿಲ್ಲ, ನಿಧಿಗೂ ಸೇರಬೇಕೆಂದಿಲ್ಲ. ನಾವು ಹೋದಾಗಲೂ ಮಧ್ಯಾಹ್ನದ ಜನಜಂಗುಳಿ ಜಾತ್ರೆಯಂತಿತ್ತು. ಸಂಜೆ ಕಾರುಗಳೆಲ್ಲ ಇಳಿದುಹೋದ ಮೇಲಷ್ಟೇ ತೊರೆಯ ಸದ್ದು ಕೇಳಿದ್ದು. ಕೊ ಯಾವ್ ನೋಯ್‌ನಲ್ಲೂ 2000ರ ದಶಕ ಮುಗಿಯುವ ಹೊತ್ತಿಗೆ ಐಷಾರಾಮಿ ರೆಸಾರ್ಟು ಬಂದಿತ್ತು. ಊರು ಚೆಂದ ಇಟ್ಟುಕೊಂಡದ್ದೇ ಊರಿಗೆ ಮುಳುವಾಗಬಹುದು.

ಕೊನೆಯ ಪರೀಕ್ಷೆ ಕೊರೋನಾ. 2019ರಲ್ಲಿ ಸುಮಾರು 4 ಕೋಟಿ ವಿದೇಶಿಯರು ಬಂದಿದ್ದ ದೇಶಕ್ಕೆ 2021ರಲ್ಲಿ ಬಂದವರು 4 ಲಕ್ಷ ಚಿಲ್ಲರೆ. ಆಗಿನ ಒಂದು ಘಟನೆ ಮರೆಯಲಾರೆ. 2020ರಲ್ಲಿ ಪುಕೆಟ್‌ನ ರಾವಾಯಿ ದಡದ ಚಾವೋ ಲೇ ಸಮುದ್ರವಾಸಿಗಳ ಮೀನು ಕೊಳ್ಳುವವರೇ ಇಲ್ಲವಾದರು. ಅವರು ಮೀನನ್ನು ಒಣಗಿಸಿ ಉತ್ತರದ ಬೆಟ್ಟದ ಕರೆನ್ ರೈತರಿಗೆ ಕಳಿಸಿದರು, ರೈತರು ಅಕ್ಕಿ ಕಳಿಸಿದರು. ವಾಯುಸೇನೆಯ ವಿಮಾನಗಳು ಸಾಗಿಸಿದವು. ಬಲೆ ಬಿಡದವನೂ ಗದ್ದೆ ಬಿಡದವನೂ ಆ ವರ್ಷ ಉಂಡರು.

ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಸಾಲ ಕೊಡಿಸ್ತೀಯೋ ಇಲ್ವೋ ಹೇಳು" ಅಂದ. ಕೊಡಿಸುತ್ತೇನೆ ಅಂದೆ. ಆದರೆ ಮೂರು ಮಾತು ಹೇಳಿದೆ. ತೋಟ ಮಾರಬೇಡ, ಹೋಂಸ್ಟೇ ಉಪಕಸುಬಾಗಿಯೇ ಇರಲಿ. ಒಬ್ಬನೇ ಮಾಡಬೇಡ, ಕೇರಿಯ ನಾಲ್ಕು ಮನೆ ಸೇರಿಸಿಕೋ. ಮತ್ತು ಅತಿಥಿ ಇಳಿಯದ ಪಕ್ಕದ ಮನೆಯವರಿಗೆ ಏನು ಸಿಗುತ್ತೆ ಅಂತ ಮೊದಲೇ ಬರೆದಿಡು.

ಮೂರನೆಯದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಪಕ್ಕದ ಮನೆಯವರಿಗೂ ಅವನಿಗೂ ಬೇಲಿ ವಿಷಯಕ್ಕೆ ಹತ್ತು ವರ್ಷದಿಂದ ಮಾತಿಲ್ಲ. "ನೋಡ್ತೀನಿ" ಅಂದು ಫೋನಿಟ್ಟ. ಇನ್ನೂ ನೋಡುತ್ತಿದ್ದಾನೆ.